ಟ್ಯಾಂಕಿನ ತಳದ ನೀರು

ಮೆಕ್ಯಾನಿಕ್ ಜಟ್ಟೆಪ್ಪ ಬೈಕಿನ ಟ್ಯಾಂಕು ಬಿಚ್ಚಿ, ಒಳಗಿದ್ದ ಪೆಟ್ರೋಲನ್ನು ದೊಡ್ಡ ಪ್ಲಾಸ್ಟಿಕ್ ಬಾಟಲಿಗೆ ಬಗ್ಗಿಸಿ ಗ್ಯಾರೇಜಿನ ಕಟ್ಟೆಯ ಮೇಲಿಟ್ಟ. ಶಿವಪ್ರಕಾಶನ ಕಣ್ಣು ಆ ಬಾಟಲಿಯಲ್ಲೇ ನೆಟ್ಟಿತು. ಎರಡೇ ನಿಮಿಷ. ಪೆಟ್ರೋಲು ಮೇಲೆ ನಿಂತು, ತಳದಲ್ಲಿ ಮೂರು ಬೆರಳಿನಷ್ಟು ನೀರು ಬೇರೆಯಾಗಿ ಕಂಡಿತು.

“ಪಂಪು ಸುಮ್ಮನ ಕೆಟ್ಟಿಲ್ರಿ ಸಾಹೇಬ್ರ. ನೀರು ಕುಡದು ಜಂಗು ಹಿಡದದ,” ಎಂದು ಜಟ್ಟೆಪ್ಪ ಟ್ಯಾಂಕಿನೊಳಗಿಂದ ಎಳೆದ ಫ್ಯೂಯಲ್ ಪಂಪನ್ನು ತೋರಿಸಿದ. “ಸಪಾಟ ರಸ್ತೇದಾಗ ನೀರು ತಳಕ್ಕ ಕೂತಿತ್ತು. ಘಾಟ್ ಏರೂ ಮುಂದ ಎಲ್ಲಾ ಪಂಪಿಗೇ ಬಂದು ನುಗ್ಗೇದ.”

ಶಿವಪ್ರಕಾಶನ ಮಗಳು ನೀತಾ ಮೊಣಕೈಗೆ ಕಟ್ಟಿದ ಪಟ್ಟಿಯನ್ನು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು. ನಾಳೆ ಬೆಳಿಗ್ಗೆ ಐದಕ್ಕೆ ಅವಳು ಇದೇ ಬೈಕಿನ ಮೇಲೆ ಒಬ್ಬಳೇ ಹಿಮಾಲಯದ ಸ್ಪಿತಿಗೆ ಹೊರಡಬೇಕು. ಸಾಮಾನು ಹೇರಿಕೊಂಡು ಒಂದು ಸುತ್ತು ಓಡಿಸಿ ನೋಡಿ ಬರುತ್ತೇನೆಂದು ಇವತ್ತು ಹೋದರೆ, ಘಾಟಿನ ಮೇಲಿನ ಕಾತ್ರಜ್ ಸುರಂಗದ ನಡುವೆ ಗಾಡಿ ಗಪ್ಪನೆ ನಿಂತುಬಿಟ್ಟಿತ್ತು. ಹಿಂದೆ ಬರುತ್ತಿದ್ದ ಟ್ರಕ್ಕಿನವನು ಕಡೇ ಗಳಿಗೆಯಲ್ಲಿ ಸ್ಟೇರಿಂಗ್ ತಿರುಗಿಸಿದ್ದಕ್ಕೆ ಬರೀ ಕನ್ನಡಿ ಮುರಿದು, ಕೈ ತರಚಿತು. ಬೈಕನ್ನು ಟೆಂಪೋದಲ್ಲಿ ಹಾಕಿಸಿಕೊಂಡು ನಿಗಡಿಯ ಈ ಗ್ಯಾರೇಜಿಗೆ ಬಂದಿದ್ದಳು.

ನೀರು ಸುರಿದವನು ಶಿವಪ್ರಕಾಶನೇ. ಹೋದ ರವಿವಾರ ಮಗಳು ಊಟ ಮಾಡಿ ಮಲಗಿದ್ದಾಗ, ಕಪಾಟಿನಲ್ಲಿದ್ದ ಬೈಕಿನ ಎರಡನೇ ಕೀಲಿ ತೆಗೆದುಕೊಂಡು ಪಾರ್ಕಿಂಗಿಗೆ ಇಳಿದಿದ್ದ. ಶಿವಾಜಿನಗರದ ಕಚೇರಿಯಲ್ಲಿ ಮೇಜು ಮೇಜಿಗೂ ಹೋಗಿ ‘ನನ್ನ ಮಗಳು ಒಬ್ಬಾಕಿನ ಹಿಮಾಲಯಕ್ಕ ಹೊಂಟಾಳ’ ಎಂದು ಸಾರಿ ಬಂದ ಮಹಾನುಭಾವ ಅವನು. ಮನೆಗೆ ಬಂದರೆ ಊಟ ಸೇರದು, ನಿದ್ದೆ ಹತ್ತದು. ಈಗ ಬೇಡ ಎಂದರೆ ಮಗಳ ಮುಂದೆ ಸಣ್ಣವನಾಗುತ್ತೇನೆಂಬ ಅಂಜಿಕೆ ಬೇರೆ. ಬಾಯಿಂದ ಆಡಲಾರದ ಆ ಒಂದು ಮಾತಿನ ಬದಲು ಟ್ಯಾಂಕಿಗೆ ಒಂದು ಚರಿಗೆ ನೀರು ಹಾಕಿದ್ದ. ಗಾಡಿ ಪಾರ್ಕಿಂಗಿನಲ್ಲೇ ಕೆಟ್ಟು ನಿಲ್ಲುತ್ತದೆ, ರಿಪೇರಿಯಾಗುವಷ್ಟರಲ್ಲಿ ಅವಳ ರಜೆ ಮುಗಿದಿರುತ್ತದೆ ಎಂದುಕೊಂಡಿದ್ದ. ಸುರಂಗ ಅವನ ತಲೆಗೆ ಬಂದಿರಲಿಲ್ಲ.

“ನೀರು ಹೆಂಗ ಹೋತು ಕಾಕಾ?” ಎಂದಳು ನೀತಾ.

“ಗಾಡಿ ತೊಳಿಯೂ ಮುಂದ ಹೋಗಿರಬೇಕವ್ವಾ. ಪೈಪ್ ಹಿಡದ್ರ ಮುಚ್ಚಳದ ಸಂದ್ಯಾಗಿಂದ ಇಳೀತದ.”

“ಹೌದು, ಹಂಗ ಆಗಿರಬೇಕು,” ಎಂದುಬಿಟ್ಟ ಶಿವಪ್ರಕಾಶ. ತನ್ನ ಬಾಯಿಂದ ಅದು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೇ ಅಸಹ್ಯವಾಯಿತು.

ನೀತಾ ಆಗಲೇ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ್ದಳು. ಅವರ ಅಪಾರ್ಟ್‌ಮೆಂಟಿನ ಸೊಸೈಟಿಯಲ್ಲಿ ಗಾಡಿ ತೊಳೆಯುವ ಗೌರಾಬಾಯಿ ಎತ್ತಿಕೊಂಡಳು.

“ಗೌರಾಬಾಯಿ, ನನ್ನ ಗಾಡಿಗೆ ಪೈಪ್ ಹಿಡದಿದ್ದೇನು?”

“ಹೌದವ್ವಾ, ಸೋಮವಾರ. ಭಾಳ ಧೂಳ ಕೂತಿತ್ತು.”

“ಟ್ಯಾಂಕಿನ್ಯಾಗ ನೀರು ಹೋಗೇದ. ಇವತ್ತ ಟ್ರಕ್ಕಿನ ಕೆಳಗ ಸಾಯ್ತಿದ್ದೆ. ನಾಳಿಂದ ನೀ ಬರಬ್ಯಾಡ, ಸೆಕ್ರೆಟರಿಗೆ ಹೇಳಿ ಬಿಡಸ್ತೀನಿ.”

ಆ ಕಡೆ ಬಕೀಟಿಗೆ ನೀರು ಬೀಳುತ್ತಿದ್ದ ಸದ್ದು ನಿಂತಿತು.

“ಬರೂದಿಲ್ಲವ್ವಾ. ನನ್ನ ಕೈಲೆ ತಪ್ಪಾತು. ನಿನಗೆಲ್ಲಿ ಪೆಟ್ಟಾಗೇದ? ದವಾಖಾನಿಗೆ ಹೋಗಿದ್ದೇನು?”

ಶಿವಪ್ರಕಾಶ ಕಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಬೆಳಿಗ್ಗೆಯಿಂದ ಅವನು ಮಗಳ ಮೊಣಕೈ ಮುಟ್ಟಿ ನೋಡುವ ಧೈರ್ಯ ಮಾಡಿರಲಿಲ್ಲ. ಸುಮ್ಮನಿದ್ದರೆ ಮುಗಿಯುತ್ತಿತ್ತು, ಗೌರಾಬಾಯಿ ತಾನೇ ಒಪ್ಪಿಕೊಂಡಿದ್ದಾಳೆ, ಮಗಳಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಅಷ್ಟರಲ್ಲಿ ನೀತಾಳ ಬೆರಳು ಫೋನು ಕಟ್ ಮಾಡಲು ಹೋಗುತ್ತಿತ್ತು.

“ತಡಿ, ಫೋನ್ ಇಡಬ್ಯಾಡ,” ಎಂದ. “ಗೌರಾಬಾಯಿ, ನಿನ್ನ ತಪ್ಪಿಲ್ಲ. ನೀರು ನಾ ಹಾಕೀನಿ.”

“ಏನಂದ್ರಿ ಅಪ್ಪಾ?”

“ನಾನ ಹಾಕೀನಿ, ನೀತಾ. ನೀ ಹೋಗಬಾರದಂತ.”

ನೀತಾ ತಂದೆಯನ್ನು ಒಂದು ಸಲ ನೋಡಿ, ಫೋನಿನ ಕಡೆ ತಿರುಗಿ, “ಗೌರಾಬಾಯಿ, ನಂದು ತಪ್ಪಾತು. ನಾಳಿಗೆ ಬಾ,” ಎಂದು ಕಟ್ ಮಾಡಿದಳು. ಅವಳು ಬಯ್ಯಲಿ, ಕೂಗಾಡಲಿ ಎಂದು ಶಿವಪ್ರಕಾಶ ಕಾದ. ಅವಳು ಬಾಗಿ ಕೂತು ಜಟ್ಟೆಪ್ಪನಿಗೆ ಟ್ಯಾಂಕು ಹಿಡಿದುಕೊಟ್ಟಳು.

ಜಟ್ಟೆಪ್ಪ ಹೊಸ ಪಂಪು ಕೂರಿಸಿ, ರಬ್ಬರ್ ರಿಂಗು ಎರಡೆರಡು ಸಲ ಒತ್ತಿ ನೋಡಿ, ಬೋಲ್ಟುಗಳನ್ನು ಬಿಗಿದ. ಹೊಸ ಪೆಟ್ರೋಲು ಬಿತ್ತು. ಕೀಲಿ ತಿರುಗಿಸಿದೊಡನೆ ಒಳಗೆ ಪಂಪು ಸಣ್ಣಗೆ ಗುಂಯ್‌ಗುಟ್ಟಿತು. ಇಂಜಿನ್ ಒಂದೇ ಏಟಿಗೆ ಚಾಲೂ ಆಯಿತು.

“ಇನ್ನ ಚಿಂತಿಲ್ಲವ್ವಾ. ಆರಾಮ ಮನಿಗೆ ಒಯ್ಯಿ,” ಎಂದ ಜಟ್ಟೆಪ್ಪ.

ನೀತಾ ಇಂಜಿನ್ ಆರಿಸಿ, ಕೀಲಿಯನ್ನು ಅವನ ಕೈಗೇ ಇಟ್ಟಳು.

“ಇವತ್ತ ಒಂದ್ ರಾತ್ರಿ ಗಾಡಿ ಇಲ್ಲೇ ನಿಮ್ಮ ಹತ್ರ ಇರಲಿ, ಕಾಕಾ. ಬೆಳಿಗ್ಗೆ ಇಲ್ಲಿಂದನ ಹೊಂಡ್ತೀನಿ.”