ಬೆಳ್ಚಿ ಒಪ್ಪಿದ ಸುಣ್ಣ

ಕೋಳಿಗಳಿಗೆ ಮಾತು ಬಂದ ಮೇಲೆ ಅಕ್ಕಣಿಗೆ ಅವನ್ನು ಸಾಕುವುದಕ್ಕಿಂತ ಒಪ್ಪಿಸುವುದೇ ದೊಡ್ಡ ಕೆಲಸವಾಗಿತ್ತು. ಮೈಯಲ್ಲಿ ಸುಣ್ಣದ ಅಂಶ ಸಾಲದೆ ಹೇಂಟೆ ಬೆಳ್ಚಿ ಹೊರಗಿನ ಓಡೇ ಇಲ್ಲದ ಮೆತ್ತನೆ ಮೊಟ್ಟೆ ಇಡುತ್ತಿದ್ದಳು, ಕಾಲೂ ಸೋಲುತ್ತಿತ್ತು. ಅಕ್ಕಣಿ ಸುಣ್ಣಕ್ಕೆಂದು ಕಪ್ಪೆಚಿಪ್ಪಿನ ಪುಡಿ ತಂದಿಟ್ಟಳು.

"ಎಲ್ಲಿಂದ ತಂದದ್ದು?"

"ಹೊಳೆಯದ್ದೇ. ತಿನ್ನು ಮಾರಾಯ್ತಿ."

"ಹೊಳೆ ಬಗೆದು ತೆಗೆದದ್ದಾ? ಏಡಿಮರಿಗಳು ಎಲ್ಲಿಗೆ ಹೋಗ್ಬೇಕು? ನಂಗೆ ಬೇಡ."

"ನಿನ್ನ ಕಾಲು ಹೋಗ್ತದೆ."

"ಹೋಗ್ಲಿ," ಎಂದು ಬೆಳ್ಚಿ ಕುಂಟುತ್ತಾ ಹೋಗಿ ಬೆನ್ನು ಹಾಕಿ ಕುಳಿತಳು.

ಅಷ್ಟರಲ್ಲಿ ಪಕ್ಕದ ಮನೆಯ ಜುಲೇಖಾ ಡಬ್ಬಿ ಹಿಡಿದು ಬಂದಳು. ಅಕ್ಕಣಿ ಮೊದಲೆಲ್ಲ ಕೊಡುತ್ತಿದ್ದ ಬೆಳ್ಚಿಯ ಗಟ್ಟಿ ಮೊಟ್ಟೆಗಳ ಓಡನ್ನು ಅವಳು ಎಸೆಯದೆ ತೊಳೆದು, ಹುರಿದು, ಕುಟ್ಟಿ ಇಟ್ಟಿದ್ದಳು.

"ಇದು ಯಾರದ್ದು?"

"ನಿನ್ನದೇ, ಬೆಳ್ಚಮ್ಮ."

ಬೆಳ್ಚಿ ಕತ್ತು ಓರೆಮಾಡಿ ಯೋಚಿಸಿ, ತಿನ್ನತೊಡಗಿದಳು.

ಕೆಲವೇ ದಿನಗಳಲ್ಲಿ ಗಟ್ಟಿ ಮೊಟ್ಟೆ ಬಂತು.

"ಇದು ಜುಲೇಖಾಗೆ," ಎಂದಳು ಬೆಳ್ಚಿ. "ಓಡು ಮಾತ್ರ ವಾಪಸ್ ಕೊಡ್ಲಿಕ್ಕೆ ಹೇಳು."