ಹೊಡೆಯುವವನ ಪಾಲು

ವಿಮಾನದ ಕಪ್ತಾನ ತಮ್ಮ ಸೀಟಿನ ಕಡೆಗೇ ಬರುವುದನ್ನು ಕಂಡು ಮಂಜವ್ವ ಎರಡೂ ಬುತ್ತಿಗಂಟುಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಕೆಳಗೆ ನೋಡಿದಷ್ಟೂ ಸಮುದ್ರ. ಮುಂಬಯಿ ಬಿಟ್ಟಾಗಿನಿಂದ ಆಕೆ ಕಣ್ಣು ಮುಚ್ಚಿರಲಿಲ್ಲ. ತಾನು ಮುಚ್ಚಿದರೆ ವಿಮಾನ ಬಿದ್ದೇ ಹೋದೀತು ಎನ್ನುವಷ್ಟು ಅಂಜಿಕೆ.

ಪಕ್ಕದಲ್ಲಿ ಲಕ್ಷ್ಮೇಶ್ವರದ ಅಬ್ದುಲಗನಿ. ನೈರೋಬಿಯಲ್ಲಿ ಅರಿವೆ ಅಂಗಡಿ ಇಟ್ಟವನು, ಅಲ್ಲಿಯ ರೈಲ್ವೆಯಲ್ಲಿರುವ ಅವಳ ಗಂಡನ ಗೆಳೆಯ. ಅವಳನ್ನು ಗಂಡನ ಬಳಿ ಮುಟ್ಟಿಸುವ ಹೊಣೆ ಅವನದು. ವಿಮಾನವೆಂದರೆ ಅವನಿಗೆ ಹುಚ್ಚು.

“ಮೂರು ಸಾವಿರ ಮೈಲಿ ಸಮೀಪ ಆಕ್ಕೈತಿ ತಂಗಿ. ಹಡಗದಾಗ ಹೋದ್ರ ಹತ್ತು ಹನ್ನೆರಡು ದಿನ ವಾಂತಿ ಮಾಡ್ಕೋತ ಕುಂಡ್ರಬೇಕು. ಇದು ಸಂಜಿಗಿ ಏಡನ್, ನಾಳಿ ನಸುಕಿನ್ಯಾಗ ನೈರೋಬಿ. ಸ್ವಾತಂತ್ರ್ಯ ಬಂದು ಮೂರು ವರ್ಷ ಆಗಿಲ್ಲ, ವಿಮಾನ ನಮ್ಮದು, ಹೊಡಿಯಾಂವನೂ ನಮ್ಮಾಂವ. ಅದಿರ್ಲಿ, ಅವ್ವ ಹೇಳಿದ್ದು ನೆನಪೈತಿಲ್ಲೊ? ಕೊಡು ಅವರಿಗೆ.”

“ಬ್ಯಾಡಣ್ಣಾ, ನಗತಾರ.”

ಅವಳ ತಾಯಿ, ಹಿರೇಹಂದಿಗೋಳದ ಸಿದ್ದಲಿಂಗವ್ವ, ಮಗಳ ಬುತ್ತಿಯ ಜೊತೆಗೆ ಹೊಡೆಯುವವನ ಪಾಲನ್ನು ಬೇರೆ ಗಂಟು ಕಟ್ಟಿದ್ದಳು. ಆ ಮನೆಯಿಂದ ಯಾರು ಎಲ್ಲಿಗೆ ಹೊರಟರೂ ಬಂಡಿ ಹೊಡೆಯುವವನಿಗೆ ಬುತ್ತಿ ಮೊದಲು. ಹಸಿದ ಬಂಡಿಕಾರ ತೂಕಡಿಸಿ, ಬಂಡಿ ಹಳ್ಳಕ್ಕೆ ಉರುಳಿ, ಮಂಜವ್ವನ ಒಡಹುಟ್ಟಿದ ಅಣ್ಣ ಸತ್ತಂದಿನಿಂದ ಬಂದ ಪದ್ಧತಿ ಅದು. ವಿಮಾನಕ್ಕೆಲ್ಲಿಯ ಎತ್ತು, ಎಲ್ಲಿಯ ಬಂಡಿಕಾರ ಎಂದು ಓಣಿಯೆಲ್ಲ ನಕ್ಕಿತು. ಕೇಳುವವಳೇ ಆಕೆ? “ಎತ್ತಿಲ್ಲಂದ್ರೇನಾತು, ಹೊಡಿಯಾಂವಗ ಹೊಟ್ಟಿ ಇಲ್ಲೇನು?” ಅಂದಳು.

ವಿಮಾನ ಒಮ್ಮೆ ಕುಲುಕಿತು. ಮಂಜವ್ವನಿಗೆ ಆ ಹಳ್ಳ, ಆ ಬಂಡಿ ಕಣ್ಣಿಗೆ ಕಟ್ಟಿದವು. ನಾಚಿಕೆ ಬಿಟ್ಟು, ಪಕ್ಕಕ್ಕೆ ಬಂದ ಕಪ್ತಾನನ ಮುಂದೆ ಹೊಡೆಯುವವನ ಗಂಟನ್ನು ಚಾಚಿದಳು. ಅಬ್ದುಲಗನಿ ಹಿಂದಿಯಲ್ಲಿ ಎಲ್ಲ ಬಿಡಿಸಿ ಹೇಳಿದ. ಕಪ್ತಾನ ನಗಲಿಲ್ಲ. ನಿಂತಲ್ಲೇ ಗಂಟು ಬಿಚ್ಚಿ, ಕಟಕ ರೊಟ್ಟಿ ಮುರಿದು, ಖಾರದ ಶೇಂಗಾ ಹಿಂಡಿ ಹಚ್ಚಿ ಬಾಯಿಗಿಟ್ಟುಕೊಂಡ. ಆಮೇಲೆ ಏನೋ ಹೇಳಿದ.

“ಏನಂತಾರ?”

“ಎಷ್ಟು ಮೈಲಿ, ಎಷ್ಟು ತಾಸು ಅಂತ ಎಲ್ಲಾರೂ ಕೇಳ್ತಾರಂತ. ಉಂಡ್ಯೇನು ಅಂದಾಕಿ ನಿಮ್ಮವ್ವ ಒಬ್ಬಾಕೇನ ಅಂತ.”

ಮಂಜವ್ವ ಹಿಗ್ಗಿದಳು. ಆದರೆ ಮರುಕ್ಷಣವೇ ಮುಂದಿನ ಬಾಗಿಲಿನ ಕಡೆ ಕತ್ತು ಚಾಚಿ ನೋಡಿದಳು.

“ಅಣ್ಣಾ, ಇವರು ಇಲ್ಲಿ ನಿಂತಾರ. ಅಲ್ಲಿ ಹೊಡಿಯಾಕತ್ತಾವರು ಯಾರು?”

“ಇನ್ನೊಬ್ಬಾಂವ ಅದಾನ ತಂಗಿ. ಇಬ್ಬರಿರ್ತಾರ.”

ಇಬ್ಬರಂತೆ. ಅವ್ವನ ಅಂದಾಜು ಮೊದಲ ಸಲ ತಪ್ಪಿತ್ತು. ಉಳಿದದ್ದು ಮಂಜವ್ವನ ಸ್ವಂತದ ಗಂಟೊಂದೇ. ವಿಮಾನದಲ್ಲಿ ಕೊಟ್ಟ ಊಟದಲ್ಲಿ ತತ್ತಿ ಇದ್ದೀತೆಂದು ಅವಳು ಮುಟ್ಟಿರಲಿಲ್ಲ. ನೈರೋಬಿಯ ತನಕ ಇದೇ ಅವಳ ಆಧಾರ. ಅದನ್ನೂ ಎತ್ತಿ ಕಪ್ತಾನನ ಕೈಗಿಟ್ಟಳು.

“ಆ ಇನ್ನೊಬ್ಬರಿಗೆ ಕೊಡ್ರಿ ಅಂತ ಹೇಳಣ್ಣಾ.”

“ಮತ್ತ ನೀ ಏನ್ ತಿಂತಿ?”

“ನಾ ಸುಮ್ನ ಕುಂತಾಕಿ. ಹೊಡಿಯಾವರು ಅವರು.”

ಕಪ್ತಾನ ಎರಡೂ ಗಂಟು ಹಿಡಿದುಕೊಂಡು ಮುಂದಿನ ಬಾಗಿಲು ದಾಟಿ ಒಳಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ, ಏಡನ್ನಿಗೆ ಇನ್ನೆಷ್ಟು ಮೈಲಿ ಎಂದು ಹೇಳಲು ಅಬ್ದುಲಗನಿ ತಿರುಗಿ ನೋಡಿದರೆ, ಹುಡುಗಿ ಹಸಿದ ಹೊಟ್ಟೆಯಲ್ಲೇ, ಬಾಯಿ ತೆರೆದು, ಗಡದ್ದಾಗಿ ನಿದ್ದೆ ಹೋಗಿದ್ದಳು.