ನಾನು ಆರಿಸಿದ ಹಾಡುಗಳು

ನಮ್ಮ ರಾಕ್ ಬ್ಯಾಂಡಿನ ಹಳೆಯ ಹಿಟ್ ಹಾಡುಗಳನ್ನೆಲ್ಲ ಸೇರಿಸಿ ಒಂದು ಆಲ್ಬಂ ತರಬೇಕಂತೆ. ಹಾಡು ಆರಿಸೋಕೆ ಅಂತ ಗಾಯಕನೂ ಗಿಟಾರಿನವನೂ ನಮ್ಮ ಮನೆಗೇ ಬಂದರು. ನಾನು ಡ್ರಮ್ಮರ್. ಹೊಟ್ಟೆನೋವು ಅಂತ ಆಸ್ಪತ್ರೆ ಸೇರಿದವನು ಹೋದ ವಾರವಷ್ಟೇ ಮನೆಗೆ ಬಂದಿದ್ದೆ. "ಬರೀ ಅಲ್ಸರ್ ರೀ," ಅಂದಿದ್ದಳು ಹೆಂಡತಿ.

"ಮೊದಲನೇ ಹಾಡು ನೀನೇ ಹೇಳಪ್ಪ," ಅಂದ ಗಾಯಕ.

ಮೂವತ್ತು ವರ್ಷದಲ್ಲಿ ಒಂದು ದಿನವೂ ಈ ಪುಣ್ಯಾತ್ಮ ನನ್ನ ಮಾತು ಕೇಳಿದವನಲ್ಲ. ಜಗಳ ತೆಗೆಯೋಣ ಅಂತಲೇ, ನಾನೊಬ್ಬನೇ ಹತ್ತು ನಿಮಿಷ ಡ್ರಮ್ಸ್ ಬಾರಿಸೋ ಹಾಡು ಹೇಳಿದೆ. ಅದು ಶುರುವಾದರೆ ಜನ ಕಾಫಿಗೆ ಎದ್ದು ಹೋಗ್ತಾರೆ ಅಂತ ಸ್ಟೇಜ್ ಮೇಲೇ ಆಡಿಕೊಂಡವನು ಅವನು.

"ಅದನ್ನೇ ಮೊದಲು ಹಾಕೋಣ."

"ಪೂರ್ತಿನಾ?"

"ಪೂರ್ತಿ ಕಣೋ."

"ಮತ್ತೆ ನಾನು ಹಾಡಿದ್ದು? ಕತ್ತೆ ಕಿರುಚಿದ ಹಾಗಿದೆ ಅಂತ ತೆಗೆಸಿ ಹಾಕಿದ್ದೆಯಲ್ಲ?"

"ಅದೂ ಇರಲಿ. ಚೆನ್ನಾಗೇ ಹಾಡಿದ್ದೆ."

ನನಗೆ ರೇಗಿತು. "ಹಾಗಾದರೆ ಕವರ್ ಮೇಲೆ ನನ್ನೊಬ್ಬನದೇ ಫೋಟೋ ಹಾಕಿಬಿಡು!"

ಅವನು ನಗಲಿಲ್ಲ. "ನಾವೂ ಹಾಗೇ ಅಂದುಕೊಂಡಿದ್ವಿ," ಅಂದ. ಗಿಟಾರಿನವನು ಎದ್ದು ಹೋಗಿ ಕಿಟಕಿಯ ಕಡೆ ಮುಖ ಮಾಡಿ ನಿಂತ.

ಕಾಫಿ ತಂದ ಹೆಂಡತಿ, ಲೋಟಗಳನ್ನಿಟ್ಟು, ನನ್ನ ಕಡೆ ನೋಡದೆ ಒಳಗೆ ಹೊರಟಳು.

"ನಿಂತ್ಕೋ," ಅಂದೆ. "ಡಾಕ್ಟರು ಹೇಳಿದ್ದನ್ನ ಇವರಿಬ್ಬರಿಗೂ ಹೇಳಿದ್ದೀಯ. ಈಗ ನನಗೂ ಹೇಳು."